ಮೂರು ಲೆನ್ಸ್, ಒಂದು ಕಜ್ಜಿ ಹುಳ

ನಮ್ಮದು ಮಲೆನಾಡಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಮಳೆಗಾಲ ಹಿಡಿದರೆ ಸಾಕು, ಹುಳುಕಡ್ಡಿ, ಕಜ್ಜಿ ಅಂತ ಬರುವವರದ್ದೇ ಸಾಲು. ಚರ್ಮದ ಡಾಕ್ಟರಿಗೆ ಜಿಲ್ಲಾಸ್ಪತ್ರೆಗೇ ಹೋಗಬೇಕು. ಹಾಗಾಗಿ ಅನುಮಾನ ಬಂದದ್ದನ್ನು ಫೋಟೊ ತೆಗೆದು ಅಲ್ಲಿರುವ ಸೀನಿಯರ್ ಮೇಡಂಗೆ ಕಳಿಸುತ್ತೇನೆ. ಈ ಸಲ ಅದಕ್ಕೆಂದೇ ಮೂರು ಸಾಮಾನು ಪಕ್ಕಪಕ್ಕ ಇಟ್ಟು ನೋಡಿದೆ.

ಮೊಬೈಲಿಗೆ ಕಚ್ಚಿಸುವ ಮ್ಯಾಕ್ರೊ ಲೆನ್ಸ್ ಅಗ್ಗ, ಜೇಬಲ್ಲೇ ಇರುತ್ತದೆ. ಆದರೆ ಫ್ಲ್ಯಾಶ್ ಹಾಕಿದರೆ ಚರ್ಮ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ, ಹಾಕದಿದ್ದರೆ ಫೋನಿನ ನೆರಳು. ಹುಳುಕಡ್ಡಿಯ ಅಂಚು ತೋರಿಸಲು ಸಾಕು, ಅಷ್ಟೆ.

ಯುಎಸ್‌ಬಿ ಮೈಕ್ರೊಸ್ಕೋಪಿನ ಡಬ್ಬದ ಮೇಲೆ 1000 ಪಟ್ಟು ಅಂತ ದಪ್ಪಕ್ಷರ. ನಾನೂ ಮರುಳಾದೆ. ದೊಡ್ಡದು ಮಾಡಿದಷ್ಟೂ ತಾಪತ್ರಯ ಜಾಸ್ತಿ. ರೋಗಿ ಉಸಿರು ಬಿಟ್ಟರೂ ಚಿತ್ರ ಮಸುಕು. ಮಕ್ಕಳಾದರಂತೂ ಕೇಳಲೇಬೇಡಿ. ಸುತ್ತಲಿನ ಎಂಟು ದೀಪಗಳು ಎಂಟು ಬಿಳಿ ಚುಕ್ಕೆಗಳಾಗಿ ಫೋಟೊದಲ್ಲೇ ಕೂರುತ್ತವೆ. ಮೇಡಂ ಉತ್ತರ: "ಇದು ಕೈಯೋ ಕಾಲೋ, ಮೊದಲು ಹೇಳು ಮಾರಾಯ." ಆದರೂ ಬಿಸಾಡಿಲ್ಲ. ತಲೆಹೇನು ತೋರಿಸಿ ಅಮ್ಮಂದಿರನ್ನು ಒಪ್ಪಿಸಲು ಅದಕ್ಕಿಂತ ಒಳ್ಳೆಯದಿಲ್ಲ!

ಮೂರನೆಯದು ಫೋನಿಗೆ ಕೂರಿಸುವ ಡರ್ಮಟೊಸ್ಕೋಪ್, ಅಂದರೆ ಚರ್ಮ ನೋಡಲೆಂದೇ ಮಾಡಿದ ದೀಪವಿರುವ ಲೆನ್ಸ್. ಬರೀ 10 ಪಟ್ಟು. ಬೆಲೆ ಮಾತ್ರ ಉಳಿದೆರಡನ್ನು ಸೇರಿಸಿದರೂ ಅದಕ್ಕಿಂತ ಎಷ್ಟೋ ಜಾಸ್ತಿ. ಗುಟ್ಟಿರುವುದು ಬೆಳಕಿನಲ್ಲಿ. ದೀಪದ ಮುಂದೊಂದು ಪೋಲರೈಸಿಂಗ್ ಫಿಲ್ಟರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ), ಲೆನ್ಸಿನ ಮುಂದೆ ಅದಕ್ಕೆ ಅಡ್ಡಲಾಗಿ ಇನ್ನೊಂದು. ಚರ್ಮದ ಮೇಲಿನ ಹೊಳಪನ್ನು ಇವು ತಡೆಯುತ್ತವೆ. ಒಳಗೆ ಹೋಗಿ ಚದುರಿ ಬಂದ ಬೆಳಕು ಮಾತ್ರ ಕ್ಯಾಮೆರಾಗೆ ಸಿಗುತ್ತದೆ.

ಒಬ್ಬ ಹಾಸ್ಟೆಲ್ ಹುಡುಗ ಬಂದಿದ್ದ. ಬೆರಳ ಸಂದಿಯಲ್ಲಿ ಬರಿಗಣ್ಣಿಗೆ ಕೆರೆದ ಗಾಯ ಬಿಟ್ಟರೆ ಏನೂ ಇಲ್ಲ. ಡರ್ಮಟೊಸ್ಕೋಪ್ ಇಟ್ಟೆ. ಬಿಳಿ ಗೀರಿನಂಥ ಸುರಂಗ, ಅದರ ತುದಿಯಲ್ಲೊಂದು ಪುಟ್ಟ ಕಂದು ತ್ರಿಕೋನ. ಅದೇ ಕಜ್ಜಿ ಹುಳದ ಮುಂಭಾಗ. ಇಡೀ ಹುಳವೇ ಅರ್ಧ ಮಿಲಿಮೀಟರ್ ಇರುವುದಿಲ್ಲ. ಜೆಟ್ ವಿಮಾನ, ಹಿಂದೊಂದು ಹೊಗೆಗೆರೆ ಅಂತಾರಲ್ಲ, ಥೇಟ್ ಹಾಗೇ. ಮೇಡಂ ಎರಡೇ ನಿಮಿಷಕ್ಕೆ ಉತ್ತರ ಕೊಟ್ಟರು. ಅವನ ರೂಮಿನವರಿಗೆಲ್ಲ ಒಂದೇ ದಿನ ಕಜ್ಜಿ ಹುಳ ಸಾಯಿಸುವ ಪರ್ಮೆತ್ರಿನ್ ಮುಲಾಮು ಹಚ್ಚಿಸಿದೆವು, ವಾರ ಬಿಟ್ಟು ಇನ್ನೊಮ್ಮೆ.

ಹುಳುಕಡ್ಡಿ ಖಾತ್ರಿ ಮಾಡಲು ಮಾತ್ರ ಡರ್ಮಟೊಸ್ಕೋಪ್ ನಂಬಿ ಕೂರಬೇಡಿ. ಚರ್ಮದ ಹೊಟ್ಟು ಕೆರೆದು, ಅದನ್ನು ಕರಗಿಸಿ ಶಿಲೀಂಧ್ರ ಕಾಣಿಸುವ ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ದ್ರಾವಣ ಹಾಕಿ, ಲ್ಯಾಬಿನ ಮೈಕ್ರೊಸ್ಕೋಪಲ್ಲೇ ನೋಡಬೇಕು. ಯಾವ ಲೆನ್ಸಾದರೂ ಮೊದಲು ದೂರದಿಂದ ಒಂದು ಫೋಟೊ ಇರಲಿ. ವಾಟ್ಸಾಪಿನಲ್ಲಿ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿಯೇ ಕಳಿಸಿ, ಇಲ್ಲಾಂದ್ರೆ ಚಿತ್ರ ಕುಗ್ಗಿ ಆ ತ್ರಿಕೋನ ದಾರಿಯಲ್ಲೇ ಕರಗಿಹೋಗುತ್ತದೆ. ಪ್ರತಿ ರೋಗಿಯ ನಂತರ ಸ್ಪಿರಿಟ್ ಹತ್ತಿಯಲ್ಲಿ ಒರೆಸಿ. ನಾನು ಒಮ್ಮೆ ಮರೆತು, ಇಡೀ ವಾರ ಮೈ ತುರಿಸಿದಾಗಲೆಲ್ಲ ಬೆರಳ ಸಂದಿ ನೋಡಿಕೊಳ್ಳುತ್ತಿದ್ದೆ.