ಒಂಬೈನೂರು ರೂಪಾಯಿಯ ಡೈರಿ, ನಾಲ್ಕು ಗೆರೆಯ ಪ್ರಶ್ನೆ

ಉಡುಗೊರೆಯಾಗಿ ಬಂದದ್ದರ ಬೆಲೆ ನೋಡಬಾರದು ಎನ್ನುತ್ತಾರೆ. ಪತ್ತಿನ ಸಹಕಾರಿ ಸಂಘದ ಕ್ಯಾಶ್ ಕೌಂಟರಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕುಳಿತವಳು ನೋಡದೆ ಇರುವುದು ಹೇಗೆ? ನೋಡಿದೆ. 899 ರೂಪಾಯಿ. ಪುಣೆಯಲ್ಲಿರುವ ಮಗಳು 2025ರ ಜನವರಿ ಮೊದಲ ವಾರ ಧಾರವಾಡದ ಮನೆಗೆ ತರಿಸಿಕೊಟ್ಟಳು. ಡೈರಿ ಎಂದಿದ್ದಕ್ಕೆ, “ಡೈರಿಯಲ್ಲ ಅಮ್ಮಾ, ಪ್ಲ್ಯಾನರ್” ಎಂದು ಫೋನಿನಲ್ಲೇ ತಿದ್ದಿದಳು. ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದು ವಿಮೆಯ ಏಜೆಂಟರು ವರ್ಷಕ್ಕೊಂದು ಪುಕ್ಕಟೆಯಾಗಿ ತಂದುಕೊಡುತ್ತಿದ್ದ ಡೈರಿಗಳು. ಪುಟದ ಮೇಲೆ ತಿಥಿ, ರಾಹುಕಾಲ, ಕೆಳಗೆ ನನ್ನ ಕೈಬರಹದಲ್ಲಿ ಹಾಲಿನ ಲೆಕ್ಕ. ಈ ಪ್ಲ್ಯಾನರ್ ಹಾಲಿನ ಲೆಕ್ಕ ಕೇಳುವುದಿಲ್ಲ, ಬದುಕಿನ ಲೆಕ್ಕ ಕೇಳುತ್ತದೆ. ವರ್ಷವಿಡೀ ಬಳಸಿ, ಮುಗಿಸಿ, ಆಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹೇಳುವುದಿಲ್ಲ. ಇಂಥವು ಈಗ ಹತ್ತಾರು ಬಂದಿವೆ, ಒಳಗಿನ ಅಡುಗೆ ಹೆಚ್ಚುಕಡಿಮೆ ಒಂದೇ.

ಮೊದಲು ಕಣ್ಣಿಗೆ ಕಾಣುವ ಸಂಗತಿ. ಎ5 ಅಳತೆ, 256 ಪುಟ, ಗಟ್ಟಿ ರಟ್ಟು, 100 ಜಿಎಸ್‌ಎಂ (ಚದರ ಮೀಟರಿಗೆ ನೂರು ಗ್ರಾಂ) ಕೆನೆಬಣ್ಣದ ಕಾಗದ. ಅಡುಗೆಮನೆಯ ತಕ್ಕಡಿಯಲ್ಲಿಟ್ಟೆ, ಅರ್ಧ ಕಿಲೋಗೆ ಕೂದಲೆಳೆಯಷ್ಟು ಕಡಿಮೆ. ದಿನಾ ವ್ಯಾನಿಟಿ ಬ್ಯಾಗಿನಲ್ಲಿ ಹೊತ್ತು ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ನಿಂತು ಹೋಗುವವರಿಗೆ ಇದು ಭಾರವೇ. ದಾರದ ಹೊಲಿಗೆಯಿದೆ, ಬರಿ ಅಂಟಲ್ಲ. ಹಾಗಾಗಿ ತೆರೆದಿಟ್ಟರೆ ಚಪ್ಪಟೆಯಾಗಿ ಮಲಗುತ್ತದೆ, ಈ ಮಾತಿಗೆ ಆಮೇಲೆ ಬರುತ್ತೇನೆ. ಎಲಾಸ್ಟಿಕ್ ಪಟ್ಟಿ ಆಗಸ್ಟಿನ ಹೊತ್ತಿಗೆ ಹಳೆಯ ಲಂಗದ ನಾಡಿಯಂತೆ ಜೋತುಬಿತ್ತು. ಕಾಗದ ಮಾತ್ರ ಬಂಗಾರ. ಶಾಯಿ ಪೆನ್ನಿನಲ್ಲಿ ಬರೆದರೂ ಹಿಂಬದಿಗೆ ಮೂಡಲಿಲ್ಲ. ಪೆನ್ಸಿಲಿನಲ್ಲಿ ಬರೆದು ಮೂರು ಮೂರು ಸಲ ಅಳಿಸಿದರೂ ನಾರು ಏಳಲಿಲ್ಲ. ಇದು ಸಣ್ಣ ವಿಷಯವಲ್ಲ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಹದಿಮೂರು ಸದ್ಗುಣಗಳ ಪಟ್ಟಿ ಮಾಡಿಕೊಂಡು, ವಾರಕ್ಕೊಂದರ ಮೇಲೆ ಗಮನವಿಟ್ಟು, ತಪ್ಪಿದಾಗಲೆಲ್ಲ ಪುಟ್ಟ ಪುಸ್ತಕದ ಚೌಕದಲ್ಲಿ ಕಪ್ಪು ಚುಕ್ಕೆ ಇಡುತ್ತಿದ್ದ. ಹಳೆಯ ಚುಕ್ಕೆ ಕೆರೆದು ಹೊಸದಕ್ಕೆ ಜಾಗ ಮಾಡಿ ಮಾಡಿ ಕಾಗದವೆಲ್ಲ ತೂತು ಬಿತ್ತಂತೆ. ಕೊನೆಗೆ ಒರೆಸಿದರೆ ಹೋಗುವ ದಂತದ ಹಾಳೆಗಳಿಗೆ ಪಟ್ಟಿಯನ್ನು ಸಾಗಿಸಿದ. ಈ ಪ್ಲ್ಯಾನರಿನ ಮುನ್ನುಡಿಯೂ ಫ್ರಾಂಕ್ಲಿನ್ ಹೆಸರು ಹೇಳುತ್ತದೆ, ತೂತಿನ ಕಥೆ ಹೇಳುವುದಿಲ್ಲ.

ಇನ್ನು ಭಾಷೆ. ಕನ್ನಡದಲ್ಲಿ ಬಂದಿದೆ ಎಂದೇ ಮಗಳು ಇದನ್ನು ಆರಿಸಿದ್ದು. ಬಂದಿದೆ, ನಿಜ, ಆದರೆ ನಡೆದುಕೊಂಡು ಬಂದಿಲ್ಲ, ಎಳೆದು ತಂದಿದ್ದಾರೆ. “ನಿಮ್ಮ ಹೃದಯದೊಂದಿಗೆ ಮಾತನಾಡುವ ಮೂರು ಗುರಿಗಳನ್ನು ಇಲ್ಲಿ ಸೆರೆಹಿಡಿಯಿರಿ.” “ಆರಾಮ ವಲಯದಿಂದ ಹೊರಬನ್ನಿ.” ವಲಯ ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಹುಬ್ಬಳ್ಳಿಯ ನೈರುತ್ಯ ರೈಲ್ವೆ ವಲಯ. ಅದರಿಂದ ಹೊರಬರಬೇಕೆಂದರೆ ಮೀರಜ್ ಮುಟ್ಟಬೇಕು. ಎರಡನೆಯ ಮುದ್ರಣಕ್ಕೆ ಮೊದಲು ಯಾರಾದರೂ ಕನ್ನಡ ಮೇಷ್ಟ್ರ ಕೈಗೆ ಇದನ್ನು ಒಂದು ವಾರ ಕೊಡಬೇಕು.

ಮೊದಲ 38 ಪುಟಗಳು ಪೂರ್ತಿ ಮುಂದಿನ ಕನಸಿಗೇ ಮೀಸಲು. ಕನಸಿನ ಪುಟ, ಐದು ವರ್ಷದ ನಂತರದ ನಿಮಗೆ ಪತ್ರ, ಮತ್ತು ‘ಜೀವನ ಚಕ್ರ’ ಎಂಬ ಎಂಟು ಹೋಳಿನ ಹೋಳಿಗೆ: ಆರೋಗ್ಯಕ್ಕೆ ಹತ್ತರಲ್ಲಿ ಎಷ್ಟು, ಹಣಕ್ಕೆ ಎಷ್ಟು, ಸಂಬಂಧಗಳಿಗೆ ಎಷ್ಟು. ಸಂಬಂಧಗಳಿಗೆ ಏಳು ಕೊಟ್ಟೆ. ಪತಿರಾಯರು ಇಣುಕಿ ನೋಡಿ, “ಮೂರು ಎಲ್ಲಿ ಹೋದವು?” ಎಂದರು. ಆ ಪುಟದಿಂದ ಆದ ಪರಿಣಾಮ ಅಷ್ಟೇ.

ಹೋದ ವರ್ಷವನ್ನು ನೋಡಲು ಎಷ್ಟು ಪುಟ? ಒಂದು. ಅದೂ ಕೊನೆಯಲ್ಲಿ. ನನ್ನ ದೊಡ್ಡ ತಕರಾರು ಇಲ್ಲಿದೆ. ಆರಂಭದ ಶಿಲ್ಕು ಬರೆಯದೆ ಯಾವ ಸಂಘದ ರೋಜುಕಿರ್ದಿಯೂ (ದಿನದ ಲೆಕ್ಕದ ಪುಸ್ತಕ) ಶುರುವಾಗುವುದಿಲ್ಲ. ನಿನ್ನೆ ಎಷ್ಟು ಉಳಿದಿತ್ತು ಎಂಬುದು ಇಂದಿನ ಮೊದಲ ಸಾಲು. ಇವರು ಶಿಲ್ಕು ಕೇಳದೆ ಖರ್ಚಿನ ಯೋಜನೆ ಮಾಡಿಸುತ್ತಾರೆ.

ಜನವರಿಯಿಂದಲೇ ಶುರು ಮಾಡಬೇಕೆಂಬ ಹಟವೂ ನಮಗೆ ಹೊಂದುವುದಿಲ್ಲ. ನಮ್ಮಂಥವರಿಗೆ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ, ಹುಟ್ಟುವುದು ಯುಗಾದಿಗೆ, ಅಂಗಡಿಕಾರರಿಗೆ ಬಲಿಪಾಡ್ಯಮಿಗೆ. 2025ರಲ್ಲಿ ಯುಗಾದಿ ಮಾರ್ಚ್ 30, ಭಾನುವಾರ ಬಂತು, ಮರುದಿನವೇ ಲೆಕ್ಕ ಮುಕ್ತಾಯ. ಬೇವು ಬೆಲ್ಲ ತಿಂದ ಬಾಯಿ ಒರೆಸಿಕೊಂಡು ಸಂಘಕ್ಕೆ ಹೋಗಿ ರಾತ್ರಿ ಒಂಬತ್ತರವರೆಗೆ ಕುಳಿತೆ. ಮಾರ್ಚ್ ಪುಟಗಳು ಇವತ್ತಿಗೂ ಖಾಲಿ ಇವೆ. ದಿನಾಂಕ ಅಚ್ಚಾಗಿಲ್ಲದ ಪ್ಲ್ಯಾನರ್ ಸಿಕ್ಕರೆ ಅದನ್ನೇ ಕೊಳ್ಳಿ.

ಇಷ್ಟು ಬೈದ ಮೇಲೂ ಇದನ್ನು ಕಪಾಟಿನ ಮೇಲೆ ಎಸೆಯದೆ ಇದ್ದದ್ದಕ್ಕೆ ಕಾರಣ ಕೊನೆಯ ನಲವತ್ತು ಪುಟಗಳು. ಅಲ್ಲಿ ಪ್ರಶ್ನೆಯಿಲ್ಲ, ಉಪದೇಶವಿಲ್ಲ. ಐದು ಮಿಲಿಮೀಟರಿಗೊಂದರಂತೆ ಬೂದು ಚುಕ್ಕೆಗಳು, ಅಷ್ಟೇ. ರಂಗೋಲಿ ಹಾಕುವವರಿಗೆ ಚುಕ್ಕೆ ಕಂಡರೆ ಕೈ ತುರಿಸುತ್ತದೆ. ನನಗೆ ನೆನಪಾದದ್ದು ಕಸೂತಿ.

ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆ ಎಣಿಸಿಯೇ ಹಾಕಬೇಕು. ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂದು ನಾಲ್ಕು ಹೊಲಿಗೆ. ಗವಂತಿಯಲ್ಲಿ ಒಂದು ಮೇಲೆ, ಒಂದು ಕೆಳಗೆ ಎಂದು ಸೂಜಿ ಖಾಲಿ ಬಿಡುತ್ತ ಹೋಗುತ್ತದೆ, ಅದೇ ದಾರಿಯಲ್ಲಿ ಹಿಂದಿರುಗುತ್ತ ಆ ಖಾಲಿಗಳನ್ನು ತುಂಬುತ್ತದೆ. ಗಂಟು ಹಾಕುವಂತಿಲ್ಲ. ಸರಿಯಾಗಿ ಹಾಕಿದರೆ ಯಾವುದು ಮುಂದೆ, ಯಾವುದು ಹಿಂದೆ ಎಂದು ಹೇಳಲಾಗುವುದಿಲ್ಲ. ಅವ್ವ ಯಾರ ಕಸೂತಿ ನೋಡಿದರೂ ಮೊದಲು ತಿರುಗಿಸಿ ಹಿಂಬದಿ ನೋಡುತ್ತಾಳೆ. ನನಗೆ ಮದುವೆಗೆ ಕೊಟ್ಟ ಕಪ್ಪು ಚಂದ್ರಕಾಳಿ ಸೀರೆಯ ಸೆರಗಿನ ಬದಿಗೆ ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಆನೆ ಎಲ್ಲ ಅವಳ ಕೈಯವು. ಮಗಳಿಗೂ ಅಂಥದ್ದೊಂದು ಹಾಕಿಕೊಡಬೇಕು, ಅವ್ವನಿಗೆ ನೆನಪಿರುವ ವಿನ್ಯಾಸಗಳನ್ನೆಲ್ಲ ಬರೆದಿಡಬೇಕು. ಜನವರಿಯ ಗುರಿಯ ಪುಟದಲ್ಲಿ ನಾನು ಬರೆದದ್ದು ಇವೆರಡನ್ನೇ. (ಮೂರನೆಯದು ದಿನಾ ಕೆಲಗೇರಿ ಕೆರೆಯವರೆಗೆ ನಡಿಗೆ. ಅದರ ಸುದ್ದಿ ಬೇಡ.)

ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ನಾಲ್ಕು ಎಳೆ ಎಂದು ಲೆಕ್ಕ ಇಟ್ಟುಕೊಂಡು ಅವ್ವನ ಸೀರೆ ನೋಡಿ ಚುಕ್ಕೆಗಳ ಮೇಲೆ ಇಳಿಸತೊಡಗಿದೆ. ಮಕ್ಕಳ ತಲೆಗೆ ಹಾಕುವ ಹಳೆಯ ಕುಂಚಿಗೆಯೊಂದರಿಂದ ಎರಡು, ಕುಬಸದ ತೋಳಿನಿಂದ ಮೂರು. ಎಷ್ಟು ಚೆನ್ನಾಗಿ ಕೂಡುತ್ತದೆ ಎಂದರೆ ಇದನ್ನು ಕಸೂತಿಯವರಿಗೆಂದೇ ಮಾಡಿದ್ದಾರೇನೋ ಅನ್ನಿಸಿತು. ದೊಡ್ಡ ಗೋಪುರ ಮಾತ್ರ ಒಂದು ಪುಟದ ಅಗಲಕ್ಕೆ ಹಿಡಿಸಲಿಲ್ಲ. ಪುಸ್ತಕ ಚಪ್ಪಟೆಯಾಗಿ ಮಲಗುತ್ತದಲ್ಲ, ಎರಡು ಪುಟಕ್ಕೆ ಹರಡಿ ಬರೆದೆ. ತಪ್ಪಾದದ್ದು ಅಲ್ಲಿ. ಹೊಲಿಗೆಯ ಸಂದಿನಲ್ಲಿ ಎಡಪುಟದ ಕೊನೆಯ ಚುಕ್ಕೆಗೂ ಬಲಪುಟದ ಮೊದಲ ಚುಕ್ಕೆಗೂ ನಡುವೆ ಐದು ಮಿಲಿಮೀಟರ್ ಇಲ್ಲ, ಎಂಟೊಂಬತ್ತು ಇದೆ. ಗೋಪುರದ ಕೆಳಗಿನ ಅಂತಸ್ತಿನಲ್ಲಿ ಅದನ್ನು ಒಂದು ಮನೆ (ಎರಡು ಚುಕ್ಕೆಗಳ ನಡುವಿನ ಜಾಗ) ಎಂದು ಹಿಡಿದಿದ್ದೆ, ಮೇಲಿನದರಲ್ಲಿ ಎರಡು. ಜುಲೈ ಮಳೆಗಾಲದ ರಾತ್ರಿಗಳು, ಮಗಳ ಸೀರೆಯ ಕಪ್ಪು ಬಟ್ಟೆ. ಎಳೆ ಕಾಣಲೆಂದು ತೊಡೆಯ ಮೇಲೆ ಬಿಳಿ ಟವೆಲ್ ಹಾಸಿಕೊಂಡು ಹಾಕುತ್ತಿದ್ದೆ. ಹೋಗುವಾಗ ಎಲ್ಲ ಸರಿಯೇ ಇತ್ತು. ಹಿಂದಿರುಗಿ ಬರುವಾಗ ಸೂಜಿ ಹೊರಟ ಜಾಗಕ್ಕೆ ಬಂದು ಕೂಡಬೇಕಿತ್ತು. ನಾಲ್ಕು ಎಳೆ ಆಚೆ ನಿಂತಿತು. ಬಿಚ್ಚುವುದಕ್ಕೆ ಎರಡು ಸಂಜೆ ಹಿಡಿಯಿತು. ಚುಕ್ಕೆ ಪುಟ ಬಳಸುವ ಯಾರಿಗೇ ಆದರೂ ನನ್ನ ಎಚ್ಚರಿಕೆ: ಸಂದು ದಾಟಬೇಡಿ.

ಅವ್ವನಿಗೆ ಈಗ ಎಂಬತ್ತೊಂದು. ಸೂಜಿಗೆ ದಾರ ಪೋಣಿಸಲಾಗುವುದಿಲ್ಲ. ಆದರೆ ಬಟ್ಟೆಯ ಮೇಲೆ ಹೆಬ್ಬೆರಳು ಸವರಿ “ಇಲ್ಲಿ ಆರು ಇದೆ, ನಾಲ್ಕು ಬೇಕು” ಎನ್ನುತ್ತಾಳೆ, ಎಣಿಸಿದರೆ ಆರೇ ಇರುತ್ತದೆ. ಪ್ಲ್ಯಾನರಿನಲ್ಲಿ ಬರೆದ ತೇರನ್ನು ಅವಳಿಗೆ ತೋರಿಸಿದೆ. ಕಣ್ಣಿನ ಹತ್ತಿರ ಹಿಡಿದಳು, ಮೆಚ್ಚಿದಂತೆ ಕಂಡಿತು. ಆಮೇಲೆ ಅಭ್ಯಾಸದಂತೆ ಹಾಳೆ ತಿರುಗಿಸಿದಳು. ಆಗಲೇ ಹೇಳಿದೆನಲ್ಲ, ಒಳ್ಳೆಯ ಕಾಗದ, ಏನೂ ಮೂಡುವುದಿಲ್ಲ. “ಹಿಂದೆ ಏನೂ ಇಲ್ಲವಲ್ಲೇ?” ಎಂದು ನನ್ನ ಮುಖ ನೋಡಿದಳು.

ಈಗ ಆ ನಾಲ್ಕು ಗೆರೆಯ ಪ್ರಶ್ನೆ. ಪ್ರತಿ ತಿಂಗಳ ಕೊನೆಯ ಪುಟದಲ್ಲಿ ಮೂರು ಪ್ರಶ್ನೆಗಳಿವೆ. ಈ ತಿಂಗಳ ದೊಡ್ಡ ಗೆಲುವು ಯಾವುದು, ಇದಕ್ಕೆ ಅರ್ಧ ಪುಟ. ಯಾರಿಗೆ ಕೃತಜ್ಞರಾಗಿದ್ದೀರಿ, ಕಾಲು ಪುಟ. ಕೆಳಗೆ, ಜಾಗ ಉಳಿದಿತ್ತೆಂದು ಸೇರಿಸಿದಂತೆ: ‘ಈ ತಿಂಗಳು ಏನನ್ನು ಕೈಬಿಟ್ಟಿರಿ, ಏಕೆ?’ ನಾಲ್ಕೇ ಗೆರೆ. ಗೆಲುವಿನ ಜಾಗದಲ್ಲಿ ನಾನು ಬರೆದದ್ದನ್ನು ಈಗ ಓದಿದರೆ ನಗು ಬರುತ್ತದೆ. ಮೇ ತಿಂಗಳಿನ ದೊಡ್ಡ ಗೆಲುವು: ‘ಮಾವಿನಕಾಯಿ ಉಪ್ಪಿನಕಾಯಿ ಕೆಡಲಿಲ್ಲ.’ ಮೂರನೆಯದಕ್ಕೆ ಮಾತ್ರ ಸುಳ್ಳು ಬರೆಯಲು ಜಾಗವೇ ಇರಲಿಲ್ಲ. ನಾಲ್ಕು ಗೆರೆಯಲ್ಲಿ ಎಷ್ಟು ನೆಪ ಹಿಡಿಸೀತು?

ಡಿಸೆಂಬರ್ 28, ಭಾನುವಾರ. ಮಧ್ಯಾಹ್ನ ಊಟವಾದ ಮೇಲೆ ಮಾರ್ಚ್ ಬಿಟ್ಟು ಉಳಿದ ಹನ್ನೊಂದು ತಿಂಗಳ ಮೂರನೆಯ ಉತ್ತರಗಳನ್ನು ಒಂದು ಬಿಳಿಹಾಳೆಯಲ್ಲಿ ಒಂದರ ಕೆಳಗೊಂದು ಇಳಿಸಿದೆ. ಎಂಟು ತಿಂಗಳು ಕೈಬಿಟ್ಟದ್ದು ಒಂದೇ: ಮಗಳ ಸೀರೆ. ಏಕೆ ಎಂಬುದರ ಎದುರು ಆರು ಸಲ ಬೇರೆ ಬೇರೆ ಮಾತಿನಲ್ಲಿ ಒಂದೇ ಕಾರಣ. ಫೆಬ್ರುವರಿ, ನಾದಿನಿಯ ಮಗಳ ಮದುವೆಯ ಬ್ಲೌಸು. ಏಪ್ರಿಲ್, ನಾದಿನಿಯ ಬೀಗಿತ್ತಿಯ ಬ್ಲೌಸು. ಜೂನ್, ಸಂಘದ ಮ್ಯಾನೇಜರ ಹೆಂಡತಿಯ ಖಣ. ನವರಾತ್ರಿಗೆ ಮುಂಚೆ ಒಂದೇ ತಿಂಗಳಲ್ಲಿ ಮೂರು. ಒಟ್ಟು ಹನ್ನೊಂದು ತುಣುಕು, ಒಂದೊಂದಕ್ಕೆ ಕಡಿಮೆಯೆಂದರೂ ಹದಿನಾಲ್ಕು ಗಂಟೆ, ನೂರಾ ಐವತ್ತನಾಲ್ಕು ಗಂಟೆ. ದಾರದ ದುಡ್ಡನ್ನೂ ಯಾರೂ ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಸೀರೆ ಮುಗಿಯಲು ಬೇಕಾದದ್ದು ಸುಮಾರು ಇನ್ನೂರು ಗಂಟೆ.

ವರ್ಷವಿಡೀ ನಾನು ಅಂದುಕೊಂಡಿದ್ದು ಬೇರೆ. ಕಣ್ಣು ಮಂಜಾಗಿದೆ, ಕೆಲಸದ ದಣಿವು, ಮೊಬೈಲ್ ಹೆಚ್ಚು ನೋಡುತ್ತೇನೆ, ಶಿಸ್ತು ಸಾಲದು. ಪ್ಲ್ಯಾನರಿನ ಮೊದಲ 38 ಪುಟಗಳೂ ಅದನ್ನೇ ನಂಬಿಸುತ್ತವೆ: ಬೆಳಿಗ್ಗೆ ಐದಕ್ಕೆ ಏಳಿ, ಅಭ್ಯಾಸದ ಚೌಕ ತುಂಬಿ. ನಾನು ಹಾಕಿದ ಹೊಲಿಗೆಗೇನೂ ಕಡಿಮೆಯಿರಲಿಲ್ಲ. ಎಲ್ಲವೂ ಬೇರೆಯವರ ಬೆನ್ನಿನ ಮೇಲಿದ್ದವು.

ಹೀಗಾಗಿ 2026ಕ್ಕೆ ಹೊಸ ಪ್ಲ್ಯಾನರ್ ಬೇಡ ಎಂದು ಮಗಳಿಗೆ ಮೊದಲೇ ಹೇಳಿದೆ. ಸುಭಾಸ ರಸ್ತೆಯ ಅಂಗಡಿಯಲ್ಲಿ ಶಾಲಾ ಮಕ್ಕಳ ಗ್ರಾಫ್ ಪುಸ್ತಕ ನಲವತ್ತು ರೂಪಾಯಿಗೆ ಸಿಕ್ಕಿತು. ಕಾಗದ ತೆಳು, ಅಳಿಸಿದರೆ ಫ್ರಾಂಕ್ಲಿನ್‌ಗೆ ಆದದ್ದೇ ನನಗೂ ಆಗುತ್ತದೆ, ಆದರೆ ದೊಡ್ಡ ಗೋಪುರ ಒಂದೇ ಪುಟದಲ್ಲಿ ಹಿಡಿಸುತ್ತದೆ. ಅದರ ಮೊದಲ ಹಾಳೆಯಲ್ಲಿ ಹೋದ ವರ್ಷದ ಶಿಲ್ಕು ಬರೆದೆ: ಸೆರಗಿನ ಬದಿಗೆ ಮುಗಿದದ್ದು ಒಂದೂವರೆ ಸಾಲು, ಅವ್ವನ ವಿನ್ಯಾಸ ಬರೆದಿಟ್ಟದ್ದು ಹದಿನೇಳು. ಅದರ ಕೆಳಗೆ ಈ ವರ್ಷದ್ದು ಮೂರು ಸಾಲು. ತಿಂಗಳಿಗೆ ಸೀರೆಯ ಎರಡು ಸಾಲು. ಅವ್ವನಿಂದ ಇನ್ನು ಹದಿಮೂರು ವಿನ್ಯಾಸ, ಮೊದಲು ಅವಳಿಗೊಬ್ಬಳಿಗೇ ನೆನಪಿರುವವು, ಬಟ್ಟೆಯ ಮೇಲೆ ಇರುವವು ಆಮೇಲೆ. ಯುಗಾದಿಯವರೆಗೆ ಯಾರ ಬ್ಲೌಸೂ ಇಲ್ಲ.

ನಕ್ಷತ್ರ ಕೊಡಬೇಕಂತೆ. ಐದಕ್ಕೆ ಮೂರು. ಒಂದು ಕಾಗದಕ್ಕೆ, ಒಂದು ಚುಕ್ಕೆಗಳಿಗೆ, ಒಂದು ಆ ನಾಲ್ಕು ಗೆರೆಗೆ. ಚಿತ್ರ ಬರೆಯುವವರು, ಕಸೂತಿ ಮಾಡುವವರು, ರಂಗೋಲಿ ಕೂಡಿಡುವವರು ರಿಯಾಯಿತಿಯಲ್ಲಿ ಐನೂರರ ಒಳಗೆ ಸಿಕ್ಕರೆ ಕೊಳ್ಳಬಹುದು, ಹಿಂದಿನಿಂದ ಮುಂದಕ್ಕೆ ಬಳಸಬೇಕು. ಗುರಿ ಇಟ್ಟುಕೊಳ್ಳಲು ಮಾತ್ರ ಬೇಕಿದ್ದವರು 899 ಕೊಡುವ ಅಗತ್ಯವಿಲ್ಲ, ಏಜೆಂಟರ ಡೈರಿಯಲ್ಲಿ ತಿಂಗಳ ಕೊನೆಯ ದಿನ ಆ ಒಂದು ಪ್ರಶ್ನೆ ನೀವೇ ಬರೆದುಕೊಳ್ಳಿ.

ಜನವರಿ 4ಕ್ಕೆ ನಾದಿನಿಯ ಫೋನ್ ಬಂತು. “ವೈನಿ, ಒಂದೇ ಒಂದು ಬ್ಲೌಸು, ಬೆನ್ನಿಗಷ್ಟೇ, ಜೋಡಿ ನವಿಲು.” ಗ್ರಾಫ್ ಪುಸ್ತಕ ಎದುರಿಗೇ ಇತ್ತು. ಯುಗಾದಿಯವರೆಗೆ ಆಗುವುದಿಲ್ಲ ಎಂದೆ, ಧ್ವನಿ ಸ್ವಲ್ಪ ನಡುಗಿತು. ಆ ಕಡೆ ಕ್ಷಣಹೊತ್ತು ಮಾತಿಲ್ಲ.

“ಈ ಸಲ ಯುಗಾದಿ ಯಾವತ್ತು ಬಂದಿದೆ?”

“ಮಾರ್ಚ್ 19.”

“ಸರಿ, ಬರೆದಿಟ್ಟುಕೊಂಡೆ” ಎಂದಳು.