ಬಸ್ಸಿನಲ್ಲಿ ಓದಿದ 451, ಮನೆಯಲ್ಲಿ ನೋಡಿದ 451

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಒಂದೂಕಾಲು ಗಂಟೆ. ಕೆಲಸಕ್ಕೆ ಹೋಗುವಾಗ ಅಷ್ಟು, ಬರುವಾಗ ಅಷ್ಟು. ರೇ ಬ್ರಾಡ್‌ಬರಿ 1953ರಲ್ಲಿ ಬರೆದ ‘ಫ್ಯಾರನ್‌ಹೀಟ್ 451’ ಕಾದಂಬರಿಯನ್ನು ನಾನು ಹೀಗೆ ಹನ್ನೊಂದು ದಿನ ಓದಿದೆ. ಭರಮಸಾಗರ ದಾಟುವಷ್ಟರಲ್ಲಿ ನಾಲ್ಕೈದು ಪುಟ ಆಗುತ್ತಿತ್ತು. ಮುಗಿದ ಭಾನುವಾರವೇ ಅದರ ಸಿನಿಮಾ ಹಾಕಿಕೊಂಡು ಕೂತೆ. ಫ್ರಾನ್ಸ್‌ನ ಫ್ರಾನ್ಸ್ವಾ ತ್ರುಫೊ 1966ರಲ್ಲಿ ಮಾಡಿದ ಸಿನಿಮಾ. ಅವರು ಇಂಗ್ಲಿಷಿನಲ್ಲಿ ಮಾಡಿದ್ದು ಅದೊಂದೇ. 2018ರಲ್ಲಿ ಇನ್ನೊಂದು ಬಂದಿದೆ, ಆದರೆ ನಾನು ಹೇಳುತ್ತಿರುವುದು ಹಳೆಯದರ ಬಗ್ಗೆ.

ಕಥೆ ಇಷ್ಟು. ಮುಂದೆಂದೋ ಒಂದು ಕಾಲ. ಪುಸ್ತಕ ಇಟ್ಟುಕೊಳ್ಳುವುದು ಅಪರಾಧ. ಫೈರ್ ಬ್ರಿಗೇಡಿನವರ ಕೆಲಸ ಬೆಂಕಿ ಆರಿಸುವುದಲ್ಲ, ಮನೆ ಹುಡುಕಿ ಪುಸ್ತಕ ಸುಡುವುದು. ಮೊಂಟಾಗ್ ಅಂಥವನೊಬ್ಬ. ಒಂದು ದಿನ ಅವನು ಪುಸ್ತಕ ಓದಲು ಶುರು ಮಾಡುತ್ತಾನೆ. 451 ಎಂದರೆ ಕಾಗದ ಹೊತ್ತಿಕೊಳ್ಳುವ ಉಷ್ಣತೆ ಎಂದು ಕಾದಂಬರಿ ಹೇಳುತ್ತದೆ. ನಮ್ಮ ಲೆಕ್ಕದಲ್ಲಿ ಸುಮಾರು 233 ಡಿಗ್ರಿ.

ಮೊದಲ ಅರ್ಧ ಗಂಟೆಯಲ್ಲಿ ನನಗೆ ಸಿನಿಮಾನೇ ಹೆಚ್ಚು ಹಿಡಿಸಿತು. ಶುರುವಿನಲ್ಲಿ ಹೆಸರುಗಳು ತೆರೆಯ ಮೇಲೆ ಬರುವುದೇ ಇಲ್ಲ, ಒಂದು ಧ್ವನಿ ಓದಿ ಹೇಳುತ್ತದೆ. ಕಾಣುವುದು ಮನೆಗಳ ಮೇಲಿನ ಟಿವಿ ಆಂಟೆನಾಗಳು ಮಾತ್ರ. ಮೊಂಟಾಗ್ ನೋಡುವ ಪೇಪರಿನಲ್ಲಿ ಬರೀ ಚಿತ್ರ, ಒಂದಕ್ಷರ ಇಲ್ಲ. ಅಕ್ಷರ ಇಲ್ಲದ ಊರು ಹೇಗಿರುತ್ತದೆ ಎಂದು ಒಂದು ಮಾತೂ ಆಡದೆ ತೋರಿಸಿಬಿಟ್ಟರು. ಕಾದಂಬರಿ ಇದನ್ನು ಮಾಡಲಾರದು. ಅದೇ ಅಕ್ಷರದಲ್ಲಿದೆ, ಅಲ್ವಾ? ಪುಸ್ತಕ ಸುಡುವ ದೃಶ್ಯಗಳಂತೂ ನೋಡಲು ಕಷ್ಟ. ಕ್ಯಾಮೆರಾ ತೀರಾ ಹತ್ತಿರ ಹೋಗುತ್ತದೆ. ಪುಟ ಸುರುಳಿ ಸುತ್ತಿಕೊಂಡು, ಕಂದಾಗಿ, ಕಪ್ಪಾಗುತ್ತದೆ.

ಆದರೆ ಪುಸ್ತಕಗಳಿಗೆ ಈ ಗತಿ ಯಾಕೆ ಬಂತು ಎಂಬ ಪ್ರಶ್ನೆಗೆ ಬಂದರೆ ಸಿನಿಮಾ ಬೇಗ ದಾಟಿ ಹೋಗುತ್ತದೆ. ಪುಸ್ತಕ ಮನುಷ್ಯರನ್ನು ದುಃಖಿಗಳನ್ನಾಗಿ ಮಾಡುತ್ತದೆ, ಎಲ್ಲರೂ ಒಂದೇ ಥರ ಇರಬೇಕು ಎಂದು ಫೈರ್ ಬ್ರಿಗೇಡಿನ ಕ್ಯಾಪ್ಟನ್ ಒಂದಿಷ್ಟು ಮಾತಾಡುತ್ತಾನೆ. ಕಾದಂಬರಿಯಲ್ಲಿ ಕ್ಯಾಪ್ಟನ್ ಬೀಟಿ ಮೊಂಟಾಗನ ಹಾಸಿಗೆ ಪಕ್ಕ ಕೂತು, ಪೈಪ್ ಸೇದುತ್ತಾ ಇಡೀ ಚರಿತ್ರೆ ಹೇಳುತ್ತಾನೆ. ಇದು ಸರ್ಕಾರದಿಂದ ಶುರುವಾಗಲಿಲ್ಲ ಎನ್ನುತ್ತಾನೆ. ಮೊದಲು ದೊಡ್ಡ ಕೃತಿಗಳನ್ನು ಹದಿನೈದು ನಿಮಿಷದ ರೇಡಿಯೋ ಕಾರ್ಯಕ್ರಮಕ್ಕೆ ಇಳಿಸಿದರು. ಆಮೇಲೆ ಎರಡು ನಿಮಿಷದ ಓದಿಗೆ. ಕೊನೆಗೆ ಹತ್ತು ಹನ್ನೆರಡು ಸಾಲಿಗೆ. ಫೇಬರ್ ಎಂಬ ಮುದುಕ ಪ್ರೊಫೆಸರ್ ಕೂಡ ಇದನ್ನೇ ಹೇಳುತ್ತಾನೆ. ಜನ ತಾವಾಗಿಯೇ ಓದುವುದನ್ನು ಬಿಟ್ಟರು, ಸುಡುವವರ ಅಗತ್ಯ ಅಷ್ಟಾಗಿ ಇಲ್ಲ. ನೋಡುತ್ತಾ ಸುಮ್ನೆ ಇದ್ದವರಲ್ಲಿ ನಾನೂ ಒಬ್ಬ ಎಂದು ಅವನು ಒಪ್ಪಿಕೊಳ್ಳುತ್ತಾನೆ. ಸಿನಿಮಾದಲ್ಲಿ ಫೇಬರ್ ಇಲ್ಲವೇ ಇಲ್ಲ. ನನ್ನ ಪ್ರಕಾರ ಅದು ದೊಡ್ಡ ನಷ್ಟ.

ಫೇಬರನ ಮಾತು ಓದಿದ ದಿನ ಸಂಜೆ ಹಳೇ ಬಸ್ ಸ್ಟ್ಯಾಂಡ್ ಹತ್ತಿರ ಖಾರ ಮಂಡಕ್ಕಿ ಕಟ್ಟಿಸಿಕೊಂಡೆ. ಪೊಟ್ಟಣ ಬಿಚ್ಚಿದರೆ ಯಾವುದೋ ಕನ್ನಡ ಕಾದಂಬರಿಯ ಹಾಳೆ. ಪುಟದ ನಂಬರ್ 117. ಎಣ್ಣೆ ಹತ್ತಿದ ಕಡೆ ಅಕ್ಷರ ಇನ್ನೂ ದಪ್ಪಗೆ ಕಾಣುತ್ತಿತ್ತು. ನಮ್ಮ ಮನೆಯ ಪುಸ್ತಕಗಳೂ ಹೀಗೇ ಹೋದವು. ತಾತ ತೀರಿಕೊಂಡ ಮೇಲೆ ಅವರ ಎರಡು ಟ್ರಂಕ್ ಪುಸ್ತಕಗಳನ್ನು ರದ್ದಿಯವನು ಕೆಜಿ ಲೆಕ್ಕದಲ್ಲಿ ತಗೊಂಡು ಹೋದ. ನಾನು ಆಗ ಮನೆಯಲ್ಲೇ ಇದ್ದೆ. ಓಲೆಗರಿ ಕಟ್ಟುಗಳನ್ನು ದೇವರ ಜಗಲಿಯಲ್ಲಿಟ್ಟು ಪೂಜೆ ಮಾಡುತ್ತಿದ್ದ ಮನೆಗಳು ನಮ್ಮ ಕಡೆ ಇದ್ದವು. ಅಂಥ ಮನೆಗಳನ್ನು ಹುಡುಕಿಕೊಂಡು ಹೋಗಿಯೇ ಫ.ಗು. ಹಳಕಟ್ಟಿಯವರು ವಚನಗಳನ್ನು ಸೇರಿಸಿದ್ದು, 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚಾಗಿದ್ದು. ನಮ್ಮ ಮನೆಗೆ ಬೆಂಕಿ ಹಚ್ಚಲು ಯಾರೂ ಬಂದಿರಲಿಲ್ಲ. ಕಾದಂಬರಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಜಾಗದಲ್ಲಿ.

ಕಾದಂಬರಿಯದೇ ಇನ್ನೊಂದು ದೃಶ್ಯ. ಮೊಂಟಾಗ್ ರೈಲಿನಲ್ಲಿ ಕೂತು ಬೈಬಲಿನ ಸಾಲು ಬಾಯಿಪಾಠ ಮಾಡಲು ಒದ್ದಾಡುತ್ತಾನೆ. ಬೋಗಿಯಲ್ಲಿ ಒಂದು ಟೂತ್‌ಪೇಸ್ಟ್ ಜಾಹೀರಾತು ನಿಲ್ಲದೆ ಕೂಗುತ್ತಿದೆ. ಜರಡಿಗೆ ಮರಳು ಸುರಿದ ಹಾಗೆ, ಓದಿದ್ದೆಲ್ಲ ಸೋರಿ ಹೋಗುತ್ತದೆ. ನಾನು ಅದನ್ನು ಓದುವಾಗ ಹಿಂದಿನ ಸೀಟಿನಲ್ಲಿ ಒಬ್ಬರು, ಪಕ್ಕದಲ್ಲಿ ಒಬ್ಬರು ಜೋರಾಗಿ ರೀಲ್ಸ್ ಹಾಕಿದ್ದರು. ಒಂದೇ ಪ್ಯಾರಾ ಮೂರು ಸಲ ಓದಿದೆ. ಕಿವಿಯೊಳಗೆ ಇಟ್ಟುಕೊಳ್ಳುವ ಪುಟ್ಟ ರೇಡಿಯೋ, ಮೂರು ಗೋಡೆ ತುಂಬಾ ಟಿವಿ, ನಾಲ್ಕನೇ ಗೋಡೆಗೂ ಬೇಕು ಎನ್ನುವ ಹೆಂಡತಿ ಮಿಲ್ಡ್ರೆಡ್, ಇದೆಲ್ಲ 1953ರ ಪುಸ್ತಕದಲ್ಲಿದೆ. ಸಿನಿಮಾದ ಟಿವಿ ಒಂದು ಗೋಡೆಯ ಮೇಲೆ ಅಷ್ಟೇ. ಇಂಥ ಗದ್ದಲ ಅದರಲ್ಲಿ ಇಲ್ಲ. ವಾಸನೆ ಹಿಡಿದು ಬೆನ್ನಟ್ಟುವ ಯಂತ್ರದ ನಾಯಿಯೂ ಇಲ್ಲ.

ಭಾಷೆಯ ಓಟದಲ್ಲೂ ವ್ಯತ್ಯಾಸ ಇದೆ. ಬ್ರಾಡ್‌ಬರಿ ಇದರ ಮೊದಲ ರೂಪವನ್ನು ಲಾಸ್ ಏಂಜಲೀಸ್‌ನ ಒಂದು ವಿಶ್ವವಿದ್ಯಾಲಯದ ಲೈಬ್ರರಿಯ ನೆಲಮಾಳಿಗೆಯಲ್ಲಿ ಕೂತು ಬರೆದರು. ಅಲ್ಲಿನ ಟೈಪ್‌ರೈಟರಿಗೆ ಅರ್ಧ ಗಂಟೆಗೆ ಹತ್ತು ಸೆಂಟ್ ಬಾಡಿಗೆ. ಒಟ್ಟು 9 ಡಾಲರ್ 80 ಸೆಂಟ್ ಆಯಿತಂತೆ. ಆ ಅವಸರ ವಾಕ್ಯಗಳಲ್ಲಿ ಉಳಿದಿದೆ. ಉಸಿರು ಬಿಡದೆ ಓಡುತ್ತವೆ. ಸಿನಿಮಾ ತಣ್ಣಗಿದೆ, ಮೊಂಟಾಗ್ ಪಾತ್ರದ ಆಸ್ಕರ್ ವರ್ನರ್ ಮುಖವೂ ತಣ್ಣಗಿದೆ. ಮೊಂಟಾಗನ ಹೆಂಡತಿ ಮತ್ತು ಪಕ್ಕದ ಮನೆಯ ಹುಡುಗಿ ಕ್ಲಾರಿಸ್ ಎರಡೂ ಪಾತ್ರವನ್ನು ಜೂಲಿ ಕ್ರಿಸ್ಟಿಯೇ ಮಾಡಿದ್ದಾರೆ. ಒಳ್ಳೆ ಯೋಚನೆ, ಆದರೆ ಕಾದಂಬರಿಯ ಹದಿನೇಳು ವರ್ಷದ ಹುಡುಗಿಯ ತುಂಟತನ ಕಳೆದುಹೋಯಿತು. ಆ ಹುಡುಗಿ ಕಾದಂಬರಿಯಲ್ಲಿ ಬೇಗ ಕಾಣೆಯಾಗುತ್ತಾಳೆ, ಕಾರು ಹರಿದು ಸತ್ತಳು ಎಂಬ ಸುದ್ದಿ ಮಾತ್ರ ಬರುತ್ತದೆ. ಸಿನಿಮಾದಲ್ಲಿ ಬದುಕುತ್ತಾಳೆ. ಮುಂದೆ ಬ್ರಾಡ್‌ಬರಿ ತಾವೇ ನಾಟಕ ಬರೆದಾಗ ಅವರೂ ಅವಳನ್ನು ಉಳಿಸಿಕೊಂಡರು. ನನಗೂ ಅದೇ ಸರಿ ಅನ್ನಿಸಿತು.

ಇನ್ನು ಸಿನಿಮಾದ ಕೊನೆಯ ಹತ್ತು ನಿಮಿಷ. ಊರು ಬಿಟ್ಟು ಓಡಿಬಂದ ಜನ ಕಾಡಿನಲ್ಲಿದ್ದಾರೆ. ಒಬ್ಬೊಬ್ಬರೂ ಒಂದೊಂದು ಪುಸ್ತಕವನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ಹಿಮ ಬೀಳುತ್ತಿದೆ. ಅತ್ತಿಂದಿತ್ತ ಓಡಾಡುತ್ತಾ ತಮ್ಮ ತಮ್ಮ ಪುಸ್ತಕ ಹೇಳಿಕೊಳ್ಳುತ್ತಿದ್ದಾರೆ. ಸಾಯುತ್ತಿರುವ ಮುದುಕನೊಬ್ಬ ಚಿಕ್ಕ ಹುಡುಗನಿಗೆ ಸಾಲು ಸಾಲಾಗಿ ಹೇಳಿಕೊಡುತ್ತಾನೆ. ಕಾದಂಬರಿಯಲ್ಲಿ ಇದನ್ನು ಗ್ರೇಂಜರ್ ಎಂಬವನು ವಿವರಿಸುತ್ತಾನೆ, ಇಲ್ಲಿ ಕಣ್ಣಾರೆ ನೋಡುತ್ತೇವೆ.

ಅಷ್ಟು ಹೊತ್ತಿಗೆ ನಮ್ಮಮ್ಮ ಬಂದು ಪಕ್ಕ ಕೂತಿದ್ದರು. “ಏನ್ ಓದ್ತಾ ಇದಾರೆ ಅವ್ರು? ಕೈಯಾಗೆ ಪುಸ್ತಕಾನೇ ಇಲ್ಲವಲ್ಲ,” ಎಂದರು. ಹೇಳಿದೆ. “ನಮ್ಮವ್ವನೂ ಹಂಗೇ ಕಲಿಸಿದ್ದು, ಬೀಸಾಕೆ ಕೂತಾಗ,” ಎಂದರು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಬೀಸುವ ಪದ, ಸೋಬಾನೆ ಪದ ರಾತ್ರಿಯಿಡೀ ಹಾಡುವಷ್ಟು ಬರುತ್ತಿದ್ದವು. ಅಮ್ಮನಿಗೆ ಈಗ ಆರೋ ಏಳೋ ನೆನಪಿವೆ. ಸಿನಿಮಾ ನಿಲ್ಲಿಸಿ ಅವನ್ನು ಬರೆದುಕೊಂಡೆ. ಎರಡರಲ್ಲಿ ನಡುವಿನ ನುಡಿ ಸಿಗಲಿಲ್ಲ.

ಹಾಗಿದ್ದೂ ಯಾವುದು ಮೇಲು ಎಂದರೆ ನಾನು ಕಾದಂಬರಿ ಎನ್ನುತ್ತೇನೆ. ಸಿನಿಮಾದ ಜನ ಹಿಮದಲ್ಲೇ ಉಳಿಯುತ್ತಾರೆ. ಕಾದಂಬರಿಯಲ್ಲಿ ಯುದ್ಧ ಬರುತ್ತದೆ, ಬಾಂಬಿಗೆ ಊರು ಕ್ಷಣದಲ್ಲಿ ಇಲ್ಲವಾಗುತ್ತದೆ. ಆ ಜನ ತಿಂಡಿ ಮಾಡಿಕೊಂಡು ತಿಂದು, ಅದೇ ಹಾಳೂರಿನ ಕಡೆಗೆ ನಡೆಯುತ್ತಾರೆ. ತನ್ನ ಸರದಿ ಬಂದಾಗ ಏನು ಹೇಳಲಿ ಎಂದು ಮೊಂಟಾಗ್ ದಾರಿಯುದ್ದಕ್ಕೂ ಹುಡುಕುತ್ತಿರುತ್ತಾನೆ.

ನನ್ನ ಪ್ರತಿ ಈಗ ಅದೇ ಬಸ್ಸಿಗೆ ಬರುವ ಕಾಲೇಜು ಹುಡುಗಿಯೊಬ್ಬಳ ಹತ್ತಿರ ಇದೆ. ರೈಲಿನ ದೃಶ್ಯಕ್ಕೆ ಬಂದಿದ್ದೀನಿ ಎಂದು ನಿನ್ನೆ ಹೇಳಿದಳು. ಮುಗಿಯುವವರೆಗೆ ಸಿನಿಮಾ ನೋಡಬೇಡಮ್ಮ ಎಂದಿದ್ದೇನೆ.