ಕುದುರೆಯ ದಾರಿ, ರೈಲಿನ ದಾರಿ

ಫ್ರಾನ್ಸಿನ ತುಲೂಝ್‌ಗೆ ಕೆಲಸಕ್ಕೆಂದು ಬಂದ ಮೊದಲ ಬೇಸಿಗೆಯಲ್ಲೇ ತಪ್ಪು ಸೈಕಲ್ ಕೊಂಡೆ. 28 ಮಿಲಿಮೀಟರ್ ಟೈರಿನ, ಒಂದೇ ಕೈಯಲ್ಲಿ ಎತ್ತಬಹುದಾದ, ನೋಡಲು ಚೆಂದದ ಸೆಕೆಂಡ್ ಹ್ಯಾಂಡ್ ಸೈಕಲ್. 320 ಯೂರೊ. ‘ಕಾಲುವೆ ದಂಡೆಗೆ ಇದು ಸಾಕಾ?’ ಅಂತ ಕೇಳಿದ್ದಕ್ಕೆ ಮಾರಿದವನು ‘ಧಾರಾಳ’ ಅಂದ. ಅವನು ಹೇಳಿದ್ದು ಸುಳ್ಳಲ್ಲ. ಮೊದಲ 50 ಕಿಲೋಮೀಟರಿಗೆ ಧಾರಾಳವಾಗಿ ಸಾಕು. ನಾನು ಅಲ್ಲಿಗೆ ನಿಲ್ಲಿಸದೆ ಮುಂದೆ ಹೋದೆ, ಅಷ್ಟೆ.

ಇಲ್ಲಿಂದ ಕಾರಿನ ಕಾಟವಿಲ್ಲದೆ, ಗರಸಿನ ದಾರಿಯಲ್ಲಿ ಹಳ್ಳಿಗಾಡು ಸುತ್ತಬೇಕೆಂದರೆ ನನಗೆ ಎಟುಕುವ ದಾರಿಗಳು ಎರಡು. ಒಂದು, ತುಲೂಝ್‌ನಿಂದ ಮೆಡಿಟರೇನಿಯನ್ ಕಡೆ 240 ಕಿ.ಮೀ. ಹರಿಯುವ ಕನಾಲ್ ದ್ಯು ಮಿದಿ ಕಾಲುವೆಯ ದಂಡೆ. ಇನ್ನೊಂದು ಪಾಸಾ ಪಾಯಿಸ್. ಮಜಾಮೆಯಿಂದ ಬೆದಾರ್ಯೂವರೆಗೆ, ಹಳಿ ಕಿತ್ತ ಹಳೆಯ ರೈಲು ಮಾರ್ಗದ ಮೇಲೆ ಸುಮಾರು 80 ಕಿ.ಮೀ. (ಪಶ್ಚಿಮಕ್ಕೆ ಹೋಗುವ ಗಾರೊನ್ ಕಾಲುವೆಯ ದಂಡೆಗೆ ಡಾಂಬರು ಹಾಕಿದ್ದಾರೆ, ಅದರ ಮಾತು ಇಲ್ಲಿ ಬೇಡ.) ಎರಡನ್ನೂ ಬೇರೆ ಬೇರೆ ಕಾಲದಲ್ಲಿ ತುಳಿದಿದ್ದೇನೆ. ನನ್ನ ಓಟು ಪಾಸಾ ಪಾಯಿಸ್‌ಗೆ. ಯಾಕೆ ಅಂತ ಹೇಳಬೇಕಾದರೆ ಕಾಲುವೆಯ ಬೇರುಗಳಿಂದಲೇ ಶುರುಮಾಡಬೇಕು.

ತುಲೂಝ್ ಬಿಟ್ಟು ಅವಿನ್ಯೊನೆ ಸುತ್ತಮುತ್ತ ಜಿಲ್ಲೆಯ ಗಡಿ ಬರುವವರೆಗೆ ಡಾಂಬರು. ಅಲ್ಲಿಂದಾಚೆ ಮಣ್ಣು, ಸಣ್ಣ ಜಲ್ಲಿ. ಕಾಸ್ತೆಲ್ನೊದಾರಿವರೆಗೆ ನನ್ನ ತೆಳ್ಳನೆ ಟೈರೂ ಹೇಗೋ ಹೊಂದಿಕೊಂಡಿತು. ಕಾರ್ಕಸೊನ್ ದಾಟಿ ತ್ರೆಬ್ ಕಡೆ ಹೊರಳಿದ ಮೇಲೆ ದಾರಿ ಅನ್ನುವುದು ನೀರಿನ ಅಂಚಿಗೇ ಅಂಟಿದ ಕಾಲುದಾರಿಯಾಯಿತು. ಅದಕ್ಕೆ ಅಡ್ಡಡ್ಡ ಪ್ಲೇನ್ ಎಂಬ ನೆರಳಿನ ಮರದ ಬೇರುಗಳು. ಮುಂಗೈ ದಪ್ಪದವು, ತೊಡೆ ದಪ್ಪದವು. ಹತ್ತು ಮಾರಿಗೊಂದು ಅಲ್ಲ, ಒಂದರ ಹಿಂದೆ ಒಂದು.

ಬೇರು ಕಂಡರೆ ಬ್ರೇಕ್ ಹಿಡಿಯಬಹುದು. ಜೂನ್ ತಿಂಗಳ ಬೆಳಿಗ್ಗೆ ಅವು ಕಾಣುವುದೇ ಇಲ್ಲ. ಎಲೆಗಳ ಸಂದಿಯಿಂದ ಬಿಸಿಲು ನೆಲದ ಮೇಲೆ ಚಿಕ್ಕಿ ಚಿಕ್ಕಿಯಾಗಿ ಬೀಳುತ್ತದೆ. ಆ ಚಿಕ್ಕಿಗಳಲ್ಲಿ ಯಾವುದು ನೆರಳು, ಯಾವುದು ಬೇರು ಅಂತ ತಿಳಿಯುವಷ್ಟರಲ್ಲಿ ಮುಂದಿನ ಚಕ್ರ ಹಾರಿರುತ್ತದೆ. ಎಡಕ್ಕೆ ಮರ, ಬಲಕ್ಕೆ ಕಾಲುವೆ. ಎರಡು ಗಂಟೆಯಲ್ಲಿ ಮಣಿಕಟ್ಟು ಜೋಮು ಹಿಡಿಯಿತು. ಹಿಂದಿನ ಕ್ಯಾರಿಯರ್‌ನ ಒಂದು ಬೋಲ್ಟು ಎಲ್ಲೋ ಕಳಚಿ ಬಿತ್ತು. ಶೂ ಲೇಸ್ ಬಿಚ್ಚಿ ಕ್ಯಾರಿಯರ್ ಕಟ್ಟಿದೆ. ಚಿತ್ರಾನ್ನದ ಡಬ್ಬಿ ಮುಚ್ಚಳ ತೆಗೆದುಕೊಂಡು ಬ್ಯಾಗಿನ ತುಂಬ ಅರಿಸಿನ. ನನ್ನ ಹೆಂಡತಿ, ಯಾರೋ ಊರು ಬಿಡುವಾಗ ಕೊಟ್ಟುಹೋದ ದಪ್ಪ ಟೈರಿನ ಹಳೇ ಸೈಕಲ್ಲಲ್ಲಿ ಬೆನ್ನು ನೆಟ್ಟಗೆ ಇಟ್ಟುಕೊಂಡು ಮುಂದೆ ಹೋಗಿ, ಒಂದು ಲಾಕಿನ (ನೀರು ತುಂಬಿಸಿ, ಇಳಿಸಿ ದೋಣಿಯನ್ನು ಏರಿಳಿಸುವ ಕಟ್ಟೆ) ಹತ್ತಿರ ಕಾದು ಕೂತಿದ್ದಳು. ‘ರೀ, ಈಗಲಾದರೂ ಹೇಳಿ, ಇದಕ್ಕೆ ಎಷ್ಟು ಕೊಟ್ಟಿರಿ?’ ಅಂದಳು. ಅಲ್ಲಿಯವರೆಗೆ ನಾನು 200 ಅಂತ ಹೇಳಿಕೊಂಡು ಬಂದಿದ್ದೆ.

ಬೇರಿನ ಮೇಲೆ ಸಿಟ್ಟು ಮಾಡಿಕೊಂಡು ಮನೆಗೆ ಬಂದು ಅದರ ಕತೆ ಓದಿದೆ. 1830ರ ದಶಕದಿಂದೀಚೆಗೆ ಈ ಪ್ಲೇನ್ ಮರಗಳನ್ನು ನೆಟ್ಟರು. ಬೇರು ದಂಡೆಯ ಮಣ್ಣನ್ನು ಹಿಡಿದಿಡಲಿ, ಎಲೆ ನೀರು ಆವಿಯಾಗದಂತೆ ಕಾಯಲಿ ಅಂತ. ಅಂದರೆ ನನ್ನ ಬೋಲ್ಟು ಬೀಳಿಸಿದ ಬೇರು ಇಲ್ಲದಿದ್ದರೆ ದಂಡೆಯೇ ನೀರಿಗೆ ಜರಿಯುತ್ತಿತ್ತೋ ಏನೋ. ಇಂಥ ಸುಮಾರು 42,000 ಮರಗಳಿದ್ದವು. ಅವುಗಳಿಗೆ ಈಗ ಶಿಲೀಂಧ್ರ ರೋಗದ ಕಾಟ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೈನ್ಯದ ಮದ್ದುಗುಂಡಿನ ಮರದ ಪೆಟ್ಟಿಗೆಗಳ ಜೊತೆ ಫ್ರಾನ್ಸಿಗೆ ಬಂದದ್ದು ಅನ್ನುತ್ತಾರೆ. ಈ ಕಾಲುವೆಯಲ್ಲಿ ಪತ್ತೆಯಾದದ್ದು 2006ರಲ್ಲಿ, ತ್ರೆಬ್ ಹತ್ತಿರವೇ. ಬೇರಿಗೆ ಬೇರು ತಾಗಿ ಪಕ್ಕದ ಮರಕ್ಕೆ ಹಬ್ಬುತ್ತದೆ. ಔಷಧಿ ಇಲ್ಲ. ಕಡಿದು ಸುಡುವುದೊಂದೇ ದಾರಿ. ಸಾವಿರಾರು ಮರ ಹೋಗಿವೆ. ಅವು ಹೋದ ಕಡೆ ಬೇರೆ ಬೇರೆ ಜಾತಿಯ ಸಸಿ ನೆಟ್ಟಿದ್ದಾರೆ, ಇನ್ನೂ ಆಳೆತ್ತರ. ಹಾಗಾಗಿ ಸವಾರನಿಗೆ ನೆರಳಿದ್ದಲ್ಲಿ ಬೇರು, ಬೇರು ಮುಗಿದಲ್ಲಿ ಬಿಸಿಲು. ಕೆಲವು ಕಡೆ ದಾರಿ ಅಗಲಿಸಿ ಗರಸು ಹಾಕಿ ತಟ್ಟಿದ್ದಾರೆ, ಅಲ್ಲಿ ಸುಖವಾಗಿದೆ.

ಮೂಲದಲ್ಲಿ ಅದು ಕುದುರೆಯ ದಾರಿ. ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದ ಪಿಯೆರ್-ಪೋಲ್ ರಿಕೆ 1666ರಲ್ಲಿ ಅಪ್ಪಣೆ ಪಡೆದು ಕಾಲುವೆ ತೋಡಿಸಿ, 1681ರಲ್ಲಿ ಅದು ತೆರೆಯುವ ಕೆಲವೇ ತಿಂಗಳ ಮೊದಲು ತೀರಿಕೊಂಡ. ದಂಡೆಯ ಮೇಲೆ ಕುದುರೆಗಳು ಹಗ್ಗ ಕಟ್ಟಿಕೊಂಡು ದೋಣಿ ಎಳೆಯಬೇಕಿತ್ತು. ಕುದುರೆಗೆ ಬೇರು ಅಡ್ಡ ಬಂದರೆ ಕಾಲೆತ್ತಿ ಇಡುತ್ತದೆ. ರೈಲಿಗೆ ಕಾಲಿಲ್ಲ. ರೈಲಿನವರು ಗುಡ್ಡ ಸಿಕ್ಕಿದರೆ ಸೀಳಬೇಕು, ಕೊರೆಯಬೇಕು, ಹಳ್ಳ ಸಿಕ್ಕಿದರೆ ಸೇತುವೆ ಹಾಕಬೇಕು, ಏರಿದ್ದರೆ ಅದನ್ನು ಮೈಲಿಗಟ್ಟಲೆ ಹಂಚಬೇಕು. ಅವರು ಪಟ್ಟ ಆ ಪಾಡಿನ ಫಲ ಈಗ ನನ್ನ ಮಂಡಿಗೆ ಸಿಕ್ಕಿದೆ.

ಎರಡೂ ದಾರಿ ದಾಟುವುದು ಒಂದೇ ನೀರಿನ ಗಡಿಯನ್ನು, ಒಂದು ಕಡೆ ಬಿದ್ದ ನೀರು ಅಟ್ಲಾಂಟಿಕ್‌ಗೆ, ಇನ್ನೊಂದು ಕಡೆಯದು ಮೆಡಿಟರೇನಿಯನ್‌ಗೆ. ಕಾಲುವೆ ಅದನ್ನು ನೊರೂಝ್‌ನಲ್ಲಿ, ಬರೇ 189 ಮೀಟರ್ ಎತ್ತರದಲ್ಲಿ ದಾಟುತ್ತದೆ. ಫಲಕ ಓದದಿದ್ದರೆ ದಾಟಿದ್ದೇ ತಿಳಿಯುವುದಿಲ್ಲ. ಪಾಸಾ ಪಾಯಿಸ್ ಅದನ್ನು ಕುರ್ನಿಯೂ ಹತ್ತಿರ ಸುಮಾರು 770 ಮೀಟರ್ ಉದ್ದದ ಸುರಂಗದಲ್ಲಿ ದಾಟುತ್ತದೆ. ಅಕ್ಟೋಬರಿನಲ್ಲಿ ಹೋಗಿದ್ದೆ. ಮಜಾಮೆಯಿಂದ ಸುಮಾರು 30 ಕಿ.ಮೀ. ಗೊತ್ತಾಗದಷ್ಟು ನಿಧಾನದ ಏರು. ಲಾಬಾಸ್ತೀದ್-ರುವೈರೂ ದಾಟುವಾಗ ಮಂಜು, ಜಿನುಗು ಮಳೆ, ಕನ್ನಡಕ ಒರೆಸಿ ಒರೆಸಿ ಸಾಕಾಗಿತ್ತು. ಸುರಂಗದೊಳಗೆ ಹೋದರೆ ಚಳಿ, ಗೋಡೆಯಿಂದ ತೊಟ್ಟಿಕ್ಕುವ ಸದ್ದು. ಆ ತುದಿಯಲ್ಲಿ ಹೊರಬಿದ್ದಾಗ ನೀಲಿ ಆಕಾಶ, ಒಣಗಿದ ನೆಲ. ಘಟ್ಟದ ಮೇಲಿನ ಮಳೆಯಿಂದ ಇಳಿದು ಬಯಲಿಗೆ ಬಂದ ಹಾಗೆ, ಆದರೆ ಮೂರೇ ನಿಮಿಷದಲ್ಲಿ. ಜಾಕೆಟ್ ಬಿಚ್ಚಿ ಬ್ಯಾಗಿಗೆ ತುರುಕಿದೆ.

ಅಲ್ಲಿಂದ ಮುಂದೆ ತುಳಿಯುವ ಕೆಲಸ ಕಡಿಮೆ. ಸ್ಯಾಂ-ಪೋನ್ಸ್ ಊರೊಳಗೆ ಝೋರ್ ನದಿ ಬಂಡೆಯ ಬುಡದಿಂದ ನೇರವಾಗಿ ಹೊರಗೆ ಬರುತ್ತದೆ. ದಾರಿ ಬಿಟ್ಟು ಇಳಿದು ನೋಡಿ, ಹತ್ತು ನಿಮಿಷ ಹೋದರೆ ಹೋಗಲಿ. ಓಲಾರ್ಗ್ ಸುತ್ತ ದಾರಿಯ ಮೇಲೆಲ್ಲ ಚೆಸ್ಟ್‌ನಟ್ ಬಿದ್ದಿತ್ತು, ಮುಳ್ಳಿನ ಸಿಪ್ಪೆ ಸಮೇತ. ಟೈರಿಗೆ ಏನೂ ಆಗಲಿಲ್ಲ. ಮೋನ್ಸ್ ಬಳಿ ಓರ್ಬ್ ನದಿ, ತಲೆಯ ಮೇಲೆ ಕಾರೂ ಬೆಟ್ಟ. ಇಳಿಜಾರು ಬೆದಾರ್ಯೂವರೆಗೂ ಇದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೋನ್ಸ್ ಆದಮೇಲೆ ನದಿಗೆ ಎದುರಾಗಿ ಹೋಗಬೇಕು, ಕೊನೆಗೆ ಮತ್ತೆ ಸಣ್ಣ ಏರು.

ಪಾಸಾ ಪಾಯಿಸ್‌ನ ಕೊರತೆಗಳೂ ಇವೆ. ರಸ್ತೆ ದಾಟುವ ಕಡೆಯೆಲ್ಲ ಮೋಟಾರು ಗಾಡಿ ನುಗ್ಗದಂತೆ ತಡೆಗಂಬ ಹಾಕಿದ್ದಾರೆ, ಎರಡೂ ಕಡೆ ಬ್ಯಾಗ್ ತೂಗುಹಾಕಿದರೆ ತಗಲುತ್ತದೆ. ಮಳೆ ಬಿದ್ದರೆ ಗರಸಿನ ಹಾಲು ಚೈನಿಗೆ ಮೆತ್ತಿಕೊಳ್ಳುತ್ತದೆ.

ಊಟದ ವಿಷಯದಲ್ಲಿ ಎರಡೂ ಒಂದೇ. ಮಧ್ಯಾಹ್ನ ಹಳ್ಳಿಯ ಅಂಗಡಿ ಮುಚ್ಚಿರುತ್ತದೆ, ಸೋಮವಾರ ಬೇಕರಿಯೂ ಅನುಮಾನ. ಕಾಸ್ತೆಲ್ನೊದಾರಿಯ ಹೆಸರುವಾಸಿ ಕಸೂಲೆಯಲ್ಲಿ ಬಿಳಿ ಬೀನ್ಸ್ ಇರುವುದು ನಿಜ, ಜೊತೆಗೆ ಬಾತುಕೋಳಿ, ಹಂದಿ. ನಮ್ಮಂಥವರಿಗೆ ವಾಸನೆಯಷ್ಟೇ ಪ್ರಾಪ್ತಿ. ಬುತ್ತಿ ಕಟ್ಟಿಕೊಂಡೇ ಹೊರಡಿ.

ಗಾಳಿ: ಕಾಲುವೆಯಲ್ಲಿ ಆಗ್ನೇಯದ ಓತಾನ್ ಎದ್ದ ದಿನ ಕಾರ್ಕಸೊನ್ ಕಡೆ ಹೊರಡಲೇಬೇಡಿ.

ದುಡ್ಡಿನ ಲೆಕ್ಕದಲ್ಲಿ ಗೆಲ್ಲುವುದು ಕಾಲುವೆಯೇ. ಮನೆಯಿಂದ ಹತ್ತು ನಿಮಿಷ, ಟಿಕೆಟ್ ಇಲ್ಲ. ಪಾಸಾ ಪಾಯಿಸ್‌ಗೆ ಮಜಾಮೆವರೆಗೆ ರೈಲು, ವಾಪಸು ಬೆದಾರ್ಯೂನಿಂದ ಬೆಝಿಯೆ ಸುತ್ತಿ ಮತ್ತೆ ರೈಲು. ಬೆದಾರ್ಯೂನಲ್ಲಿ ರೈಲುಗಳೇ ಕಡಿಮೆ, ವೇಳೆ ನೋಡಿಕೊಂಡೇ ತುಳಿಯಬೇಕು. ನಾನು ಟೆಂಟ್ ಹೊರುವವನಲ್ಲ, ಶನಿವಾರ ಹೋಗಿ ಭಾನುವಾರ ರಾತ್ರಿ ಮನೆಯಲ್ಲಿ ಅನ್ನ ಸಾರು ಉಣ್ಣಬೇಕು. ಎರಡು ದಿನಕ್ಕೆ ಪೂರ್ತಿ ಮುಗಿಯುವ ದಾರಿ ಅದೊಂದೇ. ವಾರ ರಜೆ ಹಾಕಿ ಸಮುದ್ರದವರೆಗೆ ಹೋಗುವವರು ಕಾಲುವೆ ಹಿಡಿಯಲಿ. ಓವಲ್ ಆಕಾರದ ಲಾಕುಗಳು, ಬೆಝಿಯೆಯಲ್ಲಿ ಮೆಟ್ಟಿಲಿನಂತೆ ಇಳಿಯುವ ಫೊನ್ಸೆರಾನ್ ಲಾಕುಗಳ ಸಾಲು, ಎಲ್ಲ ನೋಡಬೇಕಾದದ್ದೇ. ಟೈರು ಮಾತ್ರ 40ಕ್ಕಿಂತ ಕಡಿಮೆ ಬೇಡ.

ನನ್ನ ಸೈಕಲ್ಲಿನ ಫ್ರೇಮಿಗೆ 32ಕ್ಕಿಂತ ದಪ್ಪ ಟೈರು ಹಿಡಿಸುತ್ತಿರಲಿಲ್ಲ. 42ರ ಟೈರಿನ ಗ್ರಾವೆಲ್ ಸೈಕಲ್ ತಗೊಂಡು, ಹಳೆಯದನ್ನು 190ಕ್ಕೆ ಕೊಟ್ಟೆ. ಕೊಳ್ಳಲು ಬಂದ ಹುಡುಗ ಓದಲು ಬಂದವನು, ಅದನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ ಖುಷಿಪಟ್ಟ. ‘ಕಾಲುವೆ ದಂಡೆಗೆ ಸಾಕಾ?’ ಅಂತ ಕೇಳಿದ.

‘ಅವಿನ್ಯೊನೆವರೆಗೆ’ ಅಂದೆ.